ತಂತ್ರಜ್ಞನ ಕೈ ನೋಡುವ ಮೊದಲು ಅವನ ಕೈಲಿದ್ದ ಕಾಗದ ನೋಡಿ

ಮಾನ್ಯ ಸಂಪಾದಕರೇ,

ವಿಮಾನದಲ್ಲಿ ಏನಾದರೂ ಎಡವಟ್ಟಾದ ಸುದ್ದಿ ಬಂದಾಗ ವರದಿಯ ಕೊನೆಗೆ ಎಷ್ಟೋ ಸಲ ಒಂದು ಸಾಲು ಇರುತ್ತದೆ: ‘ನಿರ್ವಹಣಾ ಸಿಬ್ಬಂದಿಯ ನಿರ್ಲಕ್ಷ್ಯವೇ ಕಾರಣ.’ ಓದುಗರು ಅಷ್ಟಕ್ಕೇ ಸಮಾಧಾನ ಮಾಡಿಕೊಂಡು ಪುಟ ತಿರುಗಿಸುತ್ತಾರೆ. ಯಾರೋ ಒಬ್ಬ ಸರಿಯಾಗಿ ಕೆಲಸ ಮಾಡಲಿಲ್ಲ, ಅವನನ್ನು ಮನೆಗೆ ಕಳಿಸಿದರು, ಮುಗಿಯಿತು. ನಾನು ವಿಮಾನಗಳ ನಿರ್ವಹಣೆಯಲ್ಲೇ ದುಡಿದು ನಿವೃತ್ತನಾದವನು. ಹ್ಯಾಂಗರ್‌ನಲ್ಲಿ, ಅಂದರೆ ವಿಮಾನ ನಿಲ್ಲಿಸಿ ರಿಪೇರಿ ಮಾಡುವ ಶೆಡ್‌ನಲ್ಲಿ, ಸ್ಪ್ಯಾನರ್ ಹಿಡಿದು ಶುರು ಮಾಡಿದೆ, ಆಮೇಲೆ ಸಹಿ ಹಾಕುವ ಎಂಜಿನಿಯರ್ ಆದೆ, ಕೊನೆಯ ವರ್ಷಗಳಲ್ಲಿ ಜಾಬ್ ಕಾರ್ಡ್ ಬರೆಯುವ ವಿಭಾಗದಲ್ಲಿದ್ದೆ. ಆ ಸಾಲು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅದರಲ್ಲಿ ಅರ್ಧ ಕತೆ ಮಾತ್ರ ಇರುತ್ತದೆ. ಆ ತಂತ್ರಜ್ಞನ ಕೈಗೆ ಕೊಟ್ಟ ಕಾಗದದಲ್ಲಿ ಏನು ಬರೆದಿತ್ತು ಎಂದು ಯಾರೂ ಕೇಳುವುದಿಲ್ಲ.

ಹೊರಗಿನವರಿಗೆ ಇದು ಗೊತ್ತಿರಲಿಕ್ಕಿಲ್ಲ. ವಿಮಾನದ ಮೇಲೆ ಯಾರೂ ನೆನಪಿನಿಂದ ಕೆಲಸ ಮಾಡುವಂತಿಲ್ಲ. ಎಷ್ಟೇ ಅನುಭವ ಇರಲಿ, ಒಂದು ಚಕ್ರ ಬದಲಿಸಬೇಕಾದರೂ ಕಾಗದ ಮುಂದಿಟ್ಟುಕೊಂಡೇ ಮಾಡಬೇಕು. ವಿಮಾನ ತಯಾರಿಸಿದ ಕಂಪನಿಯ ಮ್ಯಾನುಯಲ್ ಸಾವಿರಾರು ಪುಟದ್ದು. ಅದರಿಂದ ಬೇಕಾದ ಭಾಗ ತೆಗೆದು ಜಾಬ್ ಕಾರ್ಡ್ ಮಾಡುತ್ತಾರೆ. ಒಂದಾದ ಮೇಲೊಂದು ಹೆಜ್ಜೆ, ಪಕ್ಕದಲ್ಲಿ ಚೌಕ, ಚೌಕದಲ್ಲಿ ಕೆಲಸ ಮಾಡಿದವರ ಸಹಿ. ಮುಖ್ಯವಾದ ಕಡೆ ಇನ್‌ಸ್ಪೆಕ್ಟರ್ ಸ್ಟ್ಯಾಂಪ್ ಕೂಡ ಬೀಳಬೇಕು. ಆ ಸಹಿಗೆ ಕಾನೂನಿನ ಬೆಲೆ ಇದೆ. ನಾಳೆ ಏನಾದರೂ ಆದರೆ ಮೊದಲು ತೆಗೆದು ನೋಡುವುದೇ ಅದನ್ನು. ಹಾಗಿರುವಾಗ ಕಾರ್ಡೇ ಗೊಂದಲದ್ದಾದರೆ ಸಹಿ ಹಾಕುವವರ ಗತಿ ಏನು?

ಒಂದು ಉದಾಹರಣೆ ಹೇಳುತ್ತೇನೆ. ವಿಮಾನದ ಚಕ್ರ ಕೂರಿಸುವಾಗ ಆಕ್ಸಲ್ ನಟ್, ಅಂದರೆ ಚಕ್ರವನ್ನು ಅಚ್ಚಿನ ಮೇಲೆ ಹಿಡಿದಿಡುವ ನಟ್, ಬಿಗಿ ಮಾಡುವುದಕ್ಕೆ ಒಂದು ಕ್ರಮ ಇದೆ. ಮೊದಲು ಚಕ್ರವನ್ನು ಕೈಯಿಂದ ತಿರುಗಿಸುತ್ತಾ ಜಾಸ್ತಿ ಟಾರ್ಕ್‌ಗೆ (ನಟ್ ತಿರುಗಿಸುವ ಬಲದ ಅಳತೆ ಅದು) ಬಿಗಿ ಮಾಡಬೇಕು. ಹಾಗೆ ಮಾಡಿದರೆ ಒಳಗಿನ ಬೇರಿಂಗ್ ತನ್ನ ಜಾಗದಲ್ಲಿ ಸರಿಯಾಗಿ ಕೂರುತ್ತದೆ. ಆಮೇಲೆ ನಟ್ ಸಡಿಲಿಸಬೇಕು. ಮತ್ತೆ ಚಕ್ರ ತಿರುಗಿಸುತ್ತಾ ಈ ಸಲ ಕಡಿಮೆ ಟಾರ್ಕ್‌ಗೆ ಬಿಗಿ ಮಾಡಬೇಕು. ಕೊನೆಗೆ ನಟ್ ಕದಲದ ಹಾಗೆ ಲಾಕ್ ಮಾಡಬೇಕು. ಮೊದಲ ಟಾರ್ಕ್‌ನಲ್ಲೇ ಬಿಟ್ಟರೆ ಬೇರಿಂಗ್ ಬಿಸಿಯಾಗಿ ಹಾಳಾಗುತ್ತದೆ. ಚಕ್ರವೇ ಕಳಚಿ ಹೋಗುವ ಅಪಾಯವೂ ಇದೆ.

ನಾನು ಕೆಲಸ ಮಾಡಿದ ಒಂದು ಕಡೆ ಈ ಇಡೀ ಕ್ರಮ ಕಾರ್ಡ್‌ನಲ್ಲಿ ಒಂದೇ ಉದ್ದನೆಯ ವಾಕ್ಯವಾಗಿತ್ತು. ಎರಡು ಟಾರ್ಕ್ ಸಂಖ್ಯೆಗಳು ಒಂದೇ ಸಾಲಿನಲ್ಲಿ. ಚಕ್ರ ತಿರುಗಿಸುತ್ತಿರಬೇಕು ಎಂಬ ಮಾತು ಸೂಚನೆಯ ರೂಪದಲ್ಲಿ ಮುಂದಿನ ಪುಟದ ತಲೆಯಲ್ಲಿ. ಸಹಿಗೆ ಚೌಕ ಒಂದೇ. ಈಗ ಅದನ್ನು ಓದುವವರ ಪರಿಸ್ಥಿತಿ ನೋಡಿ. ನಡುರಾತ್ರಿ ದಾಟಿದೆ. ವಿಮಾನ ಬೆಳಗ್ಗೆ ಹೊರಡಬೇಕು. ಮಂಡಿಯೂರಿ ಕೂತಿದ್ದಾರೆ, ಕೈಗವಸಿಗೆ ಗ್ರೀಸ್ ಮೆತ್ತಿದೆ, ಕಾರ್ಡ್ ನೆಲದ ಮೇಲೆ ಟಾರ್ಚ್ ಬೆಳಕಿನಲ್ಲಿದೆ. ಒಂದು ಸಾಲು ಓದುತ್ತಾರೆ, ಕಣ್ಣು ನಟ್ ಮೇಲೆ ಹೋಗುತ್ತದೆ, ಮತ್ತೆ ಕಾಗದಕ್ಕೆ ಬರುತ್ತದೆ. ಎಲ್ಲಿ ಬಿಟ್ಟಿದ್ದರೋ ಅಲ್ಲಿಗೇ ವಾಪಸ್ ಬರುವ ಖಾತ್ರಿ ಇಲ್ಲ. ಗ್ರೀಸ್ ಕೈಯಲ್ಲಿ ಪುಟ ತಿರುಗಿಸುವುದು ಕೆಲಸವೆಲ್ಲ ಆದ ಮೇಲೆಯೇ. ಇಂಥ ಕಾಗದ ಕೊಟ್ಟು ‘ನೀನು ಸರಿಯಾಗಿ ಓದಲಿಲ್ಲ’ ಅಂದರೆ ಅದು ನ್ಯಾಯ ಎಂದು ನಾನು ಒಪ್ಪುವುದಿಲ್ಲ.

ಆ ಕಾರ್ಡ್ ಬಗ್ಗೆ ಹಿರಿಯ ತಂತ್ರಜ್ಞರೊಬ್ಬರು ಲಿಖಿತ ದೂರು ಕೊಟ್ಟರು. ತಿಂಗಳುಗಟ್ಟಲೆ ಉತ್ತರ ಬರಲಿಲ್ಲ. ಕಾರ್ಡ್ ಮೇಲೆ ಪೆನ್ನಿನಿಂದ ತಿದ್ದುವಂತಿಲ್ಲ, ಅದು ನಿಯಮ. ಹೀಗಾದಾಗ ಪ್ರತಿ ಹ್ಯಾಂಗರ್‌ನಲ್ಲೂ ಆಗುವುದು ಒಂದೇ. ಜನ ಜೇಬಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳುತ್ತಾರೆ. ಟಾರ್ಕ್ ಸಂಖ್ಯೆ, ಪಾರ್ಟ್ ನಂಬರ್, ಯಾವ ಹೆಜ್ಜೆ ಮೊದಲು ಮಾಡಿದರೆ ಸುಲಭ, ಎಲ್ಲ ಅದರಲ್ಲಿ. ಕಾರ್ಡ್‌ಗಿಂತ ಆ ನೋಟ್‌ಬುಕ್ ಸ್ಪಷ್ಟವಾಗಿರುತ್ತದೆ. ಅಪಾಯ ಇರುವುದೂ ಅಲ್ಲೇ. ತಯಾರಕರು ಮ್ಯಾನುಯಲ್ ತಿದ್ದಿದಾಗ ಜೇಬಿನ ಪುಸ್ತಕ ತಿದ್ದುವವರು ಯಾರು? ಹಳೆಯ ಸಂಖ್ಯೆಯೇ ಮುಂದುವರಿಯುತ್ತದೆ. ತಪಾಸಣೆಗೆ ಬಂದವರು ಅದನ್ನು ಕಂಡರೆ ನೋಟ್‌ಬುಕ್ ಇಟ್ಟುಕೊಂಡವರಿಗೆ ಶಿಕ್ಷೆ. ಅವರು ಅದನ್ನು ಯಾಕೆ ಇಟ್ಟುಕೊಂಡರು ಎಂಬ ಪ್ರಶ್ನೆ ಮಾತ್ರ ಕಡತದಲ್ಲಿ ಎಲ್ಲೂ ಇರುವುದಿಲ್ಲ.

ಇದು ನನ್ನೊಬ್ಬನ ಕೊರಗು ಅಂದುಕೊಳ್ಳಬೇಡಿ. ಅಪಘಾತಗಳ ತನಿಖಾ ವರದಿಗಳಲ್ಲಿ ಇದು ಮತ್ತೆ ಮತ್ತೆ ಕಾಣುತ್ತದೆ.

2003ರ ಜನವರಿ 8ರಂದು ಅಮೆರಿಕದ ಷಾರ್ಲಟ್ ವಿಮಾನ ನಿಲ್ದಾಣದಲ್ಲಿ ಏರ್ ಮಿಡ್‌ವೆಸ್ಟ್ ಕಂಪನಿಯ ಬೀಚ್ 1900ಡಿ ವಿಮಾನ ಮೇಲೇರುತ್ತಲೇ ಮೂತಿ ಎತ್ತಿ, ವೇಗ ಕಳೆದುಕೊಂಡು ಹ್ಯಾಂಗರ್‌ಗೆ ಅಪ್ಪಳಿಸಿತು. ಒಳಗಿದ್ದ 21 ಜನರೂ ಸತ್ತರು. ಎರಡು ರಾತ್ರಿ ಹಿಂದೆ ಅದರ ಎಲಿವೇಟರ್ ಕೇಬಲ್‌ಗಳ ಬಿಗಿತ ಸರಿಪಡಿಸಿದ್ದರು. ಎಲಿವೇಟರ್ ಅಂದರೆ ಬಾಲದಲ್ಲಿರುವ, ವಿಮಾನದ ಮೂತಿಯನ್ನು ಮೇಲೆ ಕೆಳಗೆ ಮಾಡುವ ಭಾಗ. ಆ ಕೆಲಸ ಮಾಡಿದ ಮೆಕ್ಯಾನಿಕ್‌ಗೆ ಈ ವಿಮಾನದಲ್ಲಿ ಅದು ಮೊದಲ ಸಲ. ಅವರಿಗೆ ಕಲಿಸುತ್ತಿದ್ದವರೇ ಆಮೇಲೆ ಕೆಲಸ ಪರಿಶೀಲಿಸಿ ಸಹಿ ಹಾಕಬೇಕಾದ ಇನ್‌ಸ್ಪೆಕ್ಟರ್.

ಮ್ಯಾನುಯಲ್‌ನಲ್ಲಿ ಕೇಬಲ್ ಬಿಗಿತವನ್ನಷ್ಟೇ ಸರಿಪಡಿಸುವುದಕ್ಕೆ ಬೇರೆ ಕ್ರಮ ಇರಲಿಲ್ಲ. ಇದ್ದದ್ದು ಇಡೀ ಎಲಿವೇಟರ್ ವ್ಯವಸ್ಥೆಯ ರಿಗ್ಗಿಂಗ್, ಅಂದರೆ ಹೊಂದಾಣಿಕೆ, ಮಾಡುವ ಉದ್ದದ ಕ್ರಮ. ನಮಗೆ ಬೇಕಾದದ್ದು ಬಿಗಿತ ಮಾತ್ರ, ಹಾಗಾಗಿ ಅದಕ್ಕೆ ಸಂಬಂಧಪಟ್ಟ ಹೆಜ್ಜೆ ಮಾಡಿದರೆ ಸಾಕು ಅಂತ ಮೆಕ್ಯಾನಿಕ್ ಅಂದುಕೊಂಡರು. ಇನ್‌ಸ್ಪೆಕ್ಟರ್ ಕೂಡ ಒಪ್ಪಿದರು. ಬಿಟ್ಟ ಹೆಜ್ಜೆಗಳಲ್ಲಿ ಒಂದನ್ನು ಮಾಡಿದ್ದರೂ ಎಲಿವೇಟರ್ ಪೂರ್ತಿ ಕೆಳಗೆ ಹೋಗುತ್ತಿಲ್ಲ ಎಂಬುದು ಅವತ್ತೇ ಗೊತ್ತಾಗುವ ಸಾಧ್ಯತೆ ಇತ್ತು. ಎಲ್ಲ ಆದ ಮೇಲೆ ಒಮ್ಮೆ ಪೈಲಟ್ ಸೀಟಿನಿಂದ ಕಂಟ್ರೋಲ್ ಪೂರ್ತಿ ಆಡಿಸಿ ನೋಡಿ ಎಂಬ ಹೆಜ್ಜೆಯನ್ನು ಕೂಡ ಆ ಕ್ರಮ ಕೇಳಿರಲಿಲ್ಲ. ಆ ದಿನ ವಿಮಾನದ ಹಿಂಭಾಗದಲ್ಲಿ ಭಾರ ಜಾಸ್ತಿ ಇತ್ತು. ಪ್ರಯಾಣಿಕರ ಸರಾಸರಿ ತೂಕ ಅಂತ ಲೆಕ್ಕಕ್ಕೆ ಹಿಡಿಯುತ್ತಿದ್ದ ಸಂಖ್ಯೆ ನಿಜಕ್ಕಿಂತ ಕಡಿಮೆ ಇತ್ತು. ಮೂತಿ ಇಳಿಸಬೇಕಾದ ಹೊತ್ತಿನಲ್ಲಿ ಇಳಿಸುವಷ್ಟು ಎಲಿವೇಟರ್ ಪೈಲಟ್‌ಗಳಿಗೆ ಸಿಗಲಿಲ್ಲ.

ಮೆಕ್ಯಾನಿಕ್ ಹೆಜ್ಜೆ ಬಿಟ್ಟದ್ದು ತಪ್ಪೇ. ಅದರಲ್ಲಿ ಎರಡು ಮಾತಿಲ್ಲ. ಆದರೆ ಎಲ್ಲ ಹೆಜ್ಜೆಗಳನ್ನೂ ಮಾಡಲೇಬೇಕು ಎಂದು ಕಾಗದದ ಮೇಲೆ ಎದ್ದು ಕಾಣುವಂತೆ ಒಂದು ಸಾಲು ಬರೆಯಲು ಎಷ್ಟು ಶಾಯಿ ಬೇಕಿತ್ತು? ನಾನು ಕಾರ್ಡ್ ಬರೆಯುವ ಮೇಜಿನ ಮುಂದೆ ಕೂತಿದ್ದಾಗ ಈ ವರದಿಯನ್ನು ಹೊಸಬರಿಗೆಲ್ಲ ಓದಿಸುತ್ತಿದ್ದೆ. ಕೆಲಸಗಾರರು ಹೆಜ್ಜೆ ಬಿಡುವುದು ಸೋಮಾರಿತನದಿಂದಲೇ ಎಂದು ನಂಬಿ ಬಂದವರು ಅದನ್ನು ಓದಿದ ಮೇಲೆ ಬೇರೆ ಥರ ಬರೆಯಲು ಶುರು ಮಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ.

1983ರ ಮೇ 5ರ ಈಸ್ಟರ್ನ್ ಏರ್‌ಲೈನ್ಸ್ ಪ್ರಕರಣ ಇನ್ನೊಂದು ಬಗೆಯದು. ಮಯಾಮಿಯಿಂದ ನಸ್ಸಾವ್‌ಗೆ ಹೊರಟಿದ್ದ ಲಾಕ್‌ಹೀಡ್ ಎಲ್-1011 ವಿಮಾನ, 172 ಜನ. ಸಮುದ್ರದ ಮೇಲೆ ಒಂದು ಎಂಜಿನ್‌ನಲ್ಲಿ ಆಯಿಲ್ ಪ್ರೆಷರ್ ಇಳಿಯಿತು, ಅದನ್ನು ನಿಲ್ಲಿಸಿ ಹಿಂದಿರುಗಿದರು. ದಾರಿಯಲ್ಲಿ ಉಳಿದೆರಡು ಎಂಜಿನ್‌ಗಳೂ ನಿಂತವು. ಮೊದಲು ನಿಲ್ಲಿಸಿದ್ದ ಎಂಜಿನ್ ಮತ್ತೆ ಹತ್ತಿಕೊಂಡಿತು, ಅದೊಂದರ ಬಲದಲ್ಲೇ ಇಳಿದರು. ಎಲ್ಲರೂ ಬದುಕಿದರು. ಹಿಂದಿನ ರಾತ್ರಿ ಮೂರೂ ಎಂಜಿನ್‌ಗಳಲ್ಲಿ ಚಿಪ್ ಡಿಟೆಕ್ಟರ್ ಬದಲಿಸಿದ್ದರು. ಆಯಿಲ್‌ನಲ್ಲಿ ಲೋಹದ ಚೂರು ಬಂದರೆ ಹಿಡಿದಿಡುವ ಸಣ್ಣ ಬಿಡಿಭಾಗ ಅದು. ಅದಕ್ಕೆ ಓ-ರಿಂಗ್ ಅನ್ನುವ ರಬ್ಬರ್ ಸೀಲ್ ಇರಬೇಕು. ಮೂರರಲ್ಲೂ ಸೀಲ್ ಇರಲಿಲ್ಲ, ಆಯಿಲ್ ಸೋರಿ ಹೋಯಿತು.

ಇಲ್ಲಿ ಕಾರ್ಡ್‌ನಲ್ಲಿ ಹೊಸ ಸೀಲ್ ಹಾಕಬೇಕು ಎಂದು ಬರೆದಿತ್ತು. ಆದರೂ ಯಾಕೆ ಹೀಗಾಯಿತು? ದಿನವೂ ಫೋರ್‌ಮನ್ ಬೀರುವಿನಲ್ಲಿ ಸಿಗುತ್ತಿದ್ದ ಡಿಟೆಕ್ಟರ್‌ಗಳಿಗೆ ಸೀಲ್ ಮೊದಲೇ ಹಾಕಿರುತ್ತಿತ್ತು. ಮೆಕ್ಯಾನಿಕ್‌ಗಳು ಅದನ್ನು ತಾವಾಗಿ ಹಾಕಬೇಕಾಗಿ ಬರುತ್ತಿರಲಿಲ್ಲ. ಆ ರಾತ್ರಿ ಬೀರುವಿನಲ್ಲಿ ಇರಲಿಲ್ಲ, ಸ್ಟೋರ್‌ನಿಂದ ತಂದರು, ಅವಕ್ಕೆ ಸೀಲ್ ಇರಲಿಲ್ಲ. ಕಾರ್ಡ್‌ನ ಆ ಮಾತು ಎಷ್ಟೋ ಕಾಲದಿಂದ ಸುಮ್ನೆ ಓದಿ ದಾಟುವ ಮಾತಾಗಿಬಿಟ್ಟಿತ್ತು. ಇದು ಬರೆಯುವವರು ಗಮನಿಸಬೇಕಾದ ವಿಚಾರ. ಕಾರ್ಡ್ ಹೇಳುವುದು ಒಂದು, ನೆಲದ ಮೇಲೆ ನಡೆಯುವುದು ಇನ್ನೊಂದು ಆದರೆ, ಜನ ಕಾರ್ಡ್ ನಂಬುವುದನ್ನು ನಿಲ್ಲಿಸುತ್ತಾರೆ. ಸೋರಿಕೆ ಇದೆಯಾ ಎಂದು ನೋಡಲು ಎಂಜಿನ್‌ಗಳನ್ನು ಕೆಲವೇ ಸೆಕೆಂಡ್ ತಿರುಗಿಸಿದರು. ಆಯಿಲ್ ಹೊರಗೆ ಕಾಣುವಷ್ಟು ಹೊತ್ತು ಅದು ಸಾಲದು.

ಶಿಫ್ಟ್ ಬದಲಾಗುವ ಹೊತ್ತಂತೂ ಇನ್ನೂ ನಾಜೂಕು. 1991ರ ಸೆಪ್ಟೆಂಬರ್ 11ರಂದು ಟೆಕ್ಸಾಸ್‌ನಲ್ಲಿ ಕಾಂಟಿನೆಂಟಲ್ ಎಕ್ಸ್‌ಪ್ರೆಸ್ ವಿಮಾನ ಬಿದ್ದು 14 ಜನ ಸತ್ತರು. ಬಾಲದ ಅಡ್ಡರೆಕ್ಕೆಯ ಎಡಬದಿಯ ಮುಂದಿನ ಅಂಚಿನಲ್ಲಿ, ಮೇಲ್ಭಾಗದ 47 ಸ್ಕ್ರೂಗಳು ಇರಲಿಲ್ಲ. ಒಂದು ಶಿಫ್ಟ್ ಬಿಚ್ಚಿತ್ತು, ಬಿಚ್ಚಿದ್ದು ಎಲ್ಲೂ ದಾಖಲಾಗಲಿಲ್ಲ, ಮುಂದಿನ ಶಿಫ್ಟ್‌ಗೆ ಗೊತ್ತಾಗಲಿಲ್ಲ. ಆ ವಿಮಾನದ ಬಾಲ ಎತ್ತರದಲ್ಲಿದ್ದು, ಮೇಲ್ಭಾಗ ನೆಲದಿಂದ ಕಾಣುವುದಿಲ್ಲ. ಎಷ್ಟೋ ಕಾರ್ಡ್‌ಗಳಲ್ಲಿ ಇವತ್ತಿಗೂ ‘ಬಿಚ್ಚಿ, ಹೊಸದು ಹಾಕಿ’ ಎಂದು ಒಂದೇ ಸಾಲು, ಒಂದೇ ಸಹಿ ಇರುತ್ತದೆ. ಅರ್ಧ ಮಾಡಿ ಹೋದವರು ಅದನ್ನು ಎಲ್ಲಿ ಬರೆಯಬೇಕು?

ಹಳೇ ಕತೆ, ಈಗೆಲ್ಲ ಟ್ಯಾಬ್ಲೆಟ್ ಬಂದಿದೆ, ಸುಧಾರಿಸಿದೆ ಅನ್ನುವವರಿದ್ದಾರೆ. 2018ರ ನವೆಂಬರ್ 11ರಂದು ಪೋರ್ಚುಗಲ್‌ನಲ್ಲಿ ದೊಡ್ಡ ತಪಾಸಣೆ ಮುಗಿಸಿ ಹೊರಟ ಏರ್ ಅಸ್ತಾನಾದ ಎಂಬ್ರೇಯರ್ 190 ವಿಮಾನದಲ್ಲಿ ರೆಕ್ಕೆಯ ಐಲೆರಾನ್‌ಗಳ, ಅಂದರೆ ವಿಮಾನವನ್ನು ಎಡಕ್ಕೆ ಬಲಕ್ಕೆ ವಾಲಿಸುವ ಭಾಗಗಳ, ಕೇಬಲ್‌ಗಳು ಅದಲುಬದಲಾಗಿದ್ದವು. ಪೈಲಟ್ ಎಡಕ್ಕೆ ತಿರುಗಿಸಿದರೆ ವಿಮಾನ ಬಲಕ್ಕೆ ವಾಲುತ್ತಿತ್ತು. ಒಳಗಿದ್ದ ಆರು ಜನ ಬದುಕಿ ಬಂದದ್ದೇ ದೊಡ್ಡದು. ಸುಮಾರು ಒಂದೂವರೆ ಗಂಟೆ ಒದ್ದಾಡಿ, ಇಳಿಯುವ ಮೂರನೇ ಪ್ರಯತ್ನದಲ್ಲಿ ಬೇಜಾ ವಾಯುನೆಲೆಯಲ್ಲಿ ಇಳಿಸಿದರು. ತಯಾರಕರ ಸೂಚನೆಗಳು ಮತ್ತು ಚಿತ್ರಗಳು ಅರ್ಥ ಮಾಡಿಕೊಳ್ಳಲು ಕಷ್ಟ ಇದ್ದವು ಎಂಬುದನ್ನೂ ತನಿಖೆ ಎತ್ತಿ ಹೇಳಿತು. ಕೇಬಲ್ ಹಾದುಹೋಗುವ ದಾರಿಯ ಚಿತ್ರ ತಪ್ಪಾಗಿ ಅರ್ಥವಾದರೆ ಅದು ಕಾಗದದ ಮೇಲಿರಲಿ, ಗಾಜಿನ ಪರದೆಯ ಮೇಲಿರಲಿ, ವ್ಯತ್ಯಾಸ ಏನು?

‘ಅನುಭವಸ್ಥರಿಗೆ ಇಷ್ಟೂ ಗೊತ್ತಾಗಲ್ವಾ?’ ಎಂಬ ಮಾತನ್ನು ನಾನು ದೊಡ್ಡ ದೊಡ್ಡ ಹುದ್ದೆಯಲ್ಲಿರುವವರ ಬಾಯಲ್ಲೇ ಕೇಳಿದ್ದೇನೆ. ಅನುಭವಸ್ಥರಿಗೆ ಗೊತ್ತಾಗುತ್ತದೆ, ಬಹಳ ಸಲ ಗೊತ್ತಾಗಿದ್ದರಿಂದಲೇ ವಿಮಾನಗಳು ಕ್ಷೇಮವಾಗಿ ಹಾರುತ್ತಿವೆ. ಆದರೆ ಗೊತ್ತಿರುವವರು ರಜೆಯಲ್ಲಿದ್ದ ರಾತ್ರಿಯೂ ಆ ವಿಮಾನ ಹಾರಬೇಕಲ್ಲ? ಅಂಥ ರಾತ್ರಿಗೆ ಅಂತಲೇ ಕಾರ್ಡ್ ಇರುವುದು. ‘ಅಗತ್ಯವಿದ್ದರೆ ಸರಿಪಡಿಸಿ’ ಎಂದು ಬರೆದುಬಿಟ್ಟರೆ ಅಗತ್ಯ ಇದೆಯೋ ಇಲ್ಲವೋ ನಿರ್ಧರಿಸುವುದು ಯಾರು, ಯಾವ ಅಳತೆಯ ಮೇಲೆ? ಎಷ್ಟು ಮಿಲಿಮೀಟರ್ ಸವೆದರೆ ಬದಲಿಸಬೇಕು ಎಂದು ಹೇಳಲು ಬರೆದವರಿಗೇ ಧೈರ್ಯ ಇಲ್ಲದಾಗ, ಆ ಹೊಣೆಯನ್ನು ಕೆಳಗಿನವರ ಸಹಿಗೆ ದಾಟಿಸುತ್ತಾರೆ.

ಸರಿಯಾಗಿ ಬರೆಯುವುದು ಹೇಗೆ ಎಂಬುದೇನೂ ಗುಟ್ಟಲ್ಲ. ಪ್ರಪಂಚದ ಬಹುಪಾಲು ತಂತ್ರಜ್ಞರಿಗೆ ಇಂಗ್ಲಿಷ್ ತಾಯಿನುಡಿ ಅಲ್ಲ. 1970ರ ದಶಕದ ಕೊನೆಯಲ್ಲಿ ಯುರೋಪಿನ ವಿಮಾನ ಸಂಸ್ಥೆಗಳೇ ಮ್ಯಾನುಯಲ್ ಅರ್ಥವಾಗುವಂತೆ ಬರೆಯಿರಿ ಎಂದು ತಯಾರಕರನ್ನು ಕೇಳಿದವು. ಅದರ ಫಲವಾಗಿ 1986ರಲ್ಲಿ ಸರಳ ಇಂಗ್ಲಿಷ್‌ನ ನಿಯಮಾವಳಿ ಬಂತು. ಇವತ್ತು ಅದನ್ನು ಸಿಂಪ್ಲಿಫೈಡ್ ಟೆಕ್ನಿಕಲ್ ಇಂಗ್ಲಿಷ್ ಅನ್ನುತ್ತಾರೆ. ಕೆಲಸದ ಸೂಚನೆಯ ವಾಕ್ಯ 20 ಪದ ಮೀರಬಾರದು. ಒಂದು ವಾಕ್ಯಕ್ಕೆ ಒಂದೇ ಸೂಚನೆ. ಅಪಾಯದ ಎಚ್ಚರಿಕೆ ಆ ಹೆಜ್ಜೆಗಿಂತ ಮೊದಲೇ ಬರಬೇಕು. ವಿಮಾನ ನಿರ್ವಹಣಾ ಸಂಸ್ಥೆಗಳಿಗೆ ಅನ್ವಯಿಸುವ ಯುರೋಪಿನ ಪಾರ್ಟ್ 145 ನಿಯಮ ಇನ್ನೂ ಮುಂದೆ ಹೋಗುತ್ತದೆ. ಕ್ಲಿಷ್ಟ ಕೆಲಸಗಳನ್ನು ಕಾರ್ಡ್‌ನಲ್ಲಿ ಸ್ಪಷ್ಟ ಹಂತಗಳಾಗಿ ಒಡೆಯಬೇಕು. ಸೂಚನೆ ತಪ್ಪಾಗಿದ್ದರೆ, ಅಪೂರ್ಣವಾಗಿದ್ದರೆ, ಎರಡರ್ಥ ಕೊಡುವಂತಿದ್ದರೆ ಅದನ್ನು ದಾಖಲಿಸಿ ಬರೆದವರಿಗೆ ತಿಳಿಸಬೇಕು. ನಿಯಮ ಇದೆ. ಆದರೆ ತಿಳಿಸಿದ ಮೇಲೆ ಎಷ್ಟು ದಿನದಲ್ಲಿ ಉತ್ತರ ಬರುತ್ತದೆ ಎಂಬಲ್ಲಿ ಎಲ್ಲ ಕುಂಟುತ್ತದೆ.

ಆ ಚಕ್ರದ ಕಾರ್ಡ್ ಕಡೆಗೆ ನಮ್ಮ ವಿಭಾಗಕ್ಕೇ ಬಂತು. ಐದು ಹೆಜ್ಜೆಯಾಗಿ ಒಡೆದೆವು. ಎರಡೂ ಟಾರ್ಕ್‌ಗೆ ಬೇರೆ ಬೇರೆ ಚೌಕ ಕೊಟ್ಟೆವು. ಬರೀ ಸಹಿ ಸಾಲದು, ರೆಂಚ್‌ನಲ್ಲಿ ಇಟ್ಟ ಸಂಖ್ಯೆಯನ್ನೂ ಬರೆಯಬೇಕು ಅಂದೆವು. ಆಮೇಲೆ ಆ ಚಕ್ರವನ್ನು ಯಾವತ್ತೂ ಬದಲಿಸಿರದ ಹುಡುಗಿಯೊಬ್ಬಳ ಕೈಗೆ ಕಾರ್ಡ್ ಕೊಟ್ಟು, ಒಬ್ಬ ಇನ್‌ಸ್ಪೆಕ್ಟರ್ ಪಕ್ಕದಲ್ಲಿ ನಿಂತಿರುವಂತೆ ನೋಡಿಕೊಂಡು, ಬರೆದವರು ಬಾಯಿ ಮುಚ್ಚಿಕೊಂಡು ನೋಡಿದೆವು. ಮೂರನೇ ಹೆಜ್ಜೆಯಲ್ಲಿ ಅವಳ ಬೆರಳು ನಿಂತಿತು. ಸಡಿಲಿಸಿ ಎಂದಿತ್ತು, ಎಷ್ಟು ಸಡಿಲಿಸಬೇಕು ಎಂದು ಇರಲಿಲ್ಲ. ಮೇಜಿನ ಮುಂದೆ ಕೂತು ಆ ಕಾರ್ಡನ್ನು ಓದಿ ಒಪ್ಪಿದ್ದ ಯಾರಿಗೂ ಅದು ಕಂಡಿರಲಿಲ್ಲ, ಎಲ್ಲರಿಗೂ ಆ ಕೆಲಸ ಮೊದಲೇ ಗೊತ್ತಿತ್ತಲ್ಲ. ಅವಳು ಕೇಳಿದ ಪ್ರಶ್ನೆಗೆ ಮ್ಯಾನುಯಲ್‌ನಲ್ಲಿ ಉತ್ತರ ಇತ್ತು, ಸೇರಿಸಿದೆವು. ಒಂದು ಮಧ್ಯಾಹ್ನದ ಕೆಲಸ ಅದು. ಪ್ರತಿ ಹೊಸ ಕಾರ್ಡ್‌ಗೂ, ತಿದ್ದಿದ ಕಾರ್ಡ್‌ಗೂ ಇಂಥ ಪರೀಕ್ಷೆ ಕಡ್ಡಾಯ ಆಗಬೇಕು. ಅದೂ ರಾತ್ರಿ ಪಾಳಿಯಲ್ಲಿ, ನಿಜವಾದ ಬೆಳಕಿನಲ್ಲಿ ಆಗಬೇಕು. ಖರ್ಚು ಜಾಸ್ತಿ ಎನ್ನುವವರು ಒಂದು ಎಂಜಿನ್ ಕಳಚಿ ರಿಪೇರಿಗೆ ಕಳಿಸುವ ಖರ್ಚನ್ನು ಪಕ್ಕದಲ್ಲಿಟ್ಟು ನೋಡಲಿ.

ದೂರಿನ ವಿಷಯದಲ್ಲೂ ಒಂದು ಮಾತು. ಕಾರ್ಡ್ ಅರ್ಥವಾಗಲಿಲ್ಲ ಎಂದು ಕೆಲಸ ನಿಲ್ಲಿಸಿದವರನ್ನು ವಿಮಾನ ತಡ ಮಾಡಿಸಿದವರು ಎಂದು ನೋಡುವ ಅಭ್ಯಾಸ ನಿಲ್ಲಬೇಕು. ಗೊಂದಲ ಇದೆ ಎಂದು ತಿಳಿಸಿದ ಕಾರ್ಡ್ ಅನ್ನು ಉತ್ತರ ಬರುವ ತನಕ ಬಳಕೆಯಿಂದ ತೆಗೆಯಬೇಕು, ಇಲ್ಲವೇ ಅದರ ಮೇಲೆ ಅಧಿಕೃತ ತಾತ್ಕಾಲಿಕ ತಿದ್ದುಪಡಿ ಅಂಟಿಸಬೇಕು. ಕಾರ್ಡ್‌ನ ಕೆಳಗೆ ಅದನ್ನು ಬರೆದವರ ಹೆಸರೂ ಇರಲಿ. ಕೆಲಸ ಮಾಡಿದವರ ಹೆಸರು ಇರುವಾಗ ಬರೆದವರದ್ದು ಯಾಕೆ ಇರಬಾರದು? ನಾನು ಬರೆದ ಕಾರ್ಡ್‌ಗಳ ಕೆಳಗೆ ನನ್ನ ಹೆಸರು ಹಾಕಲು ಅನುಮತಿ ಕೇಳಿದ್ದೆ, ಸಿಗಲಿಲ್ಲ.

ಇನ್ನು ನಿಮ್ಮಲ್ಲಿ, ಅಂದರೆ ಪತ್ರಿಕೆಯವರಲ್ಲಿ, ಒಂದು ಕೋರಿಕೆ. ಅಪಘಾತದ ತನಿಖೆ ಇರುವುದು ಮುಂದೆ ಹಾಗಾಗದಂತೆ ತಡೆಯಲು, ಯಾರನ್ನೋ ದೂಷಿಸಲು ಅಲ್ಲ ಎಂದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಘಟನೆಯ 13ನೇ ಅನುಬಂಧದಲ್ಲೇ ಬರೆದಿದೆ. ಅಪಘಾತವಾದ ದಿನ ಮುಖಪುಟದಲ್ಲಿ ‘ನಿರ್ಲಕ್ಷ್ಯ’ ಬರುತ್ತದೆ. ಅಂತಿಮ ವರದಿ ಬರುವುದು ಒಂದು ವರ್ಷವೋ ಅದಕ್ಕೂ ಜಾಸ್ತಿಯೋ ಆದ ಮೇಲೆ, ಅಷ್ಟು ಹೊತ್ತಿಗೆ ಎಲ್ಲರೂ ಮರೆತಿರುತ್ತಾರೆ. ಮೊದಲ ದಿನ ನಿಮ್ಮ ವರದಿಗಾರರು ಮೂರು ಪ್ರಶ್ನೆ ಕೇಳಲಿ: ಆ ಕೆಲಸಕ್ಕೆ ಬಳಸಿದ ಕಾರ್ಡ್ ಕೊನೆಯದಾಗಿ ತಿದ್ದಿದ್ದು ಯಾವಾಗ? ಅದರ ಬಗ್ಗೆ ಮೊದಲೇ ದೂರು ಬಂದಿತ್ತಾ? ಬಂದಿದ್ದರೆ ಉತ್ತರ ಏನು? ಅಂತಿಮ ವರದಿ ಬಂದ ದಿನ ಅದಕ್ಕೂ ಸಾಕಷ್ಟು ಜಾಗ ಕೊಡಿ. ಆ ವರದಿಯ ತಾಂತ್ರಿಕ ಪುಟಗಳನ್ನು ಓದಿ, ಸಾಮಾನ್ಯರಿಗೆ ಅರ್ಥವಾಗುವಂತೆ ಹೇಳಿಕೊಡಲು ನನ್ನಂಥ ನಿವೃತ್ತರು ಬೇಕಾದಷ್ಟು ಜನ ಇದ್ದೇವೆ. ಕರೆದರೆ ಬರುತ್ತೇವೆ.

ಇಂತಿ ನಿಮ್ಮ ಓದುಗ,
ನಿವೃತ್ತ ವಿಮಾನ ನಿರ್ವಹಣಾ ಎಂಜಿನಿಯರ್